ಗೋಡೆ, ಸೀಲಿಂಗ್ ಬಣ್ಣದಿಂದ ಕೋಣೆಯ ಚಹರೆ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಅಳತೆ, ಲೆಕ್ಕಗಳೆಲ್ಲ ನಮ್ಮ ಕಡೆಯ ಸಾಮಾನ್ಯ ಮನೆಗಳಿಗೆ ಅನ್ವಯ: ಆರ್‌ಸಿಸಿ ತಾರಸಿ, ಸಿಮೆಂಟ್ ಗಾರೆ, ಮೇಲೆ ಪುಟ್ಟಿ, ಅದರ ಮೇಲೆ ನೀರಿನಲ್ಲಿ ಕಲಸುವ ಎಮಲ್ಷನ್. ಸುಣ್ಣದ ಗೋಡೆಯ ಹಳೇ ಮನೆಗಳಿಗೆ ಕೆಳಗೆ ಬೇರೆ ಉತ್ತರವಿದೆ.

ರೂಮು ತೀರಾ ಚಿಕ್ಕದು. ಬಿಳಿ ಹೊಡೆಸಿದರೆ ದೊಡ್ಡದಾಗಿ ಕಾಣುತ್ತದೆಯೇ?

ಬೆಳಕು ಚೆನ್ನಾಗಿ ಬರುವ ರೂಮಾದರೆ ಹೌದು. ಬೆಳಕಿಲ್ಲದ ರೂಮಿಗೆ ಬಿಳಿ ಹೊಡೆಸಿದರೆ ಅದು ದೊಡ್ಡದಾಗುವುದಿಲ್ಲ, ಮಂಕು ಬೂದಿಗೆ ತಿರುಗುತ್ತದೆ ಅಷ್ಟೆ. ಬಿದ್ದ ಬೆಳಕನ್ನು ಹಿಂದಿರುಗಿಸುವುದಷ್ಟೇ ಬಿಳಿಯ ಕೆಲಸ. ಬೀಳುವುದೇ ಇಲ್ಲದಿದ್ದರೆ ಅದೇನು ಮಾಡೀತು?

ಚಿಕ್ಕ ರೂಮು ಇಕ್ಕಟ್ಟು ಅನಿಸಲು ಬಣ್ಣದ ಗಾಢತೆಗಿಂತ ದೊಡ್ಡ ಕಾರಣವೊಂದಿದೆ: ಕಣ್ಣು ತಡೆದು ನಿಲ್ಲುವ ಅಂಚುಗಳು. ಗೋಡೆ ಕೆನೆಬಣ್ಣ, ಬಾಗಿಲು ಕಡುಕಂದು, ವಾರ್ಡ್‌ರೋಬ್ ಇನ್ನೊಂದು, ಪರದೆ ಮತ್ತೊಂದು, ಮೇಲೆ ಅಟ್ಟದ ಅಡಿಗೆ ಬೇರೆ ಬಿಳಿ. 100 ಚದರ ಅಡಿಯಲ್ಲಿ ಇಷ್ಟು ಗಡಿಗಳಿದ್ದರೆ ಯಾವ ಬಿಳಿಯೂ ಉಳಿಸಲಾರದು. ವಾರ್ಡ್‌ರೋಬ್ ಬಾಗಿಲು, ಅಟ್ಟದ ಅಂಚು, ಪರದೆ, ಗೋಡೆ ಇವಿಷ್ಟನ್ನೂ ಹೆಚ್ಚುಕಡಿಮೆ ಒಂದೇ ತಿಳಿತನಕ್ಕೆ ತನ್ನಿ. ಬಣ್ಣ ಬೇರೆ ಇದ್ದರೂ ನಡೆಯುತ್ತದೆ, ತಿಳಿತನ ಹತ್ತಿರ ಇರಬೇಕು. ಫೋನಿನಲ್ಲಿ ರೂಮಿನ ಫೋಟೊ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಎಲ್ಲಿ ತುಂಡು ತುಂಡಾಗಿ ಕಾಣುತ್ತದೋ ಅಲ್ಲಿ ತೊಂದರೆ ಇದೆ.

ಶೇಡ್ ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದಲ್ಲ, ಅದೇನು?

ಆ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟನ್ನು ಹಿಂದಿರುಗಿಸುತ್ತದೆ ಎನ್ನುವ ಅಳತೆ. 0 ಅಂದರೆ ಪೂರಾ ಕಪ್ಪು, 100 ಅಂದರೆ ಪೂರಾ ಬಿಳಿ. ಪೇಂಟ್‌ಗಳಲ್ಲಿ ಎರಡು ತುದಿಯೂ ಇಲ್ಲ. ಒಳ್ಳೆಯ ಸೀಲಿಂಗ್ ಬಿಳಿ 80ರ ಮೇಲೆ ಇರುತ್ತದೆ, ಕಪ್ಪು 5ರ ಆಸುಪಾಸು. ಕಾರ್ಡಿನಲ್ಲಿ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಶೇಡ್ ನಂಬರ್ ಹಾಕಿ ಹುಡುಕಿ, ಹಲವು ಕಂಪನಿಗಳು ಕೊಟ್ಟಿರುತ್ತವೆ. ಹಗಲಲ್ಲೂ ಲೈಟ್ ಹಾಕಬೇಕಾದ ರೂಮಿಗೆ ಗೋಡೆ 60ಕ್ಕಿಂತ ಕೆಳಗೆ ಇಳಿಯದಿರುವುದು ಕ್ಷೇಮ. ಮಲಗುವ ಕೋಣೆಗೆ 40, 45 ಆದರೂ ಸರಿಯೇ, ಅಲ್ಲಿ ಯಾರೂ ಸೂಜಿಗೆ ದಾರ ಪೋಣಿಸುವುದಿಲ್ಲ.

ಕಾರ್ಡಿನಲ್ಲಿ ಚೆನ್ನಾಗಿದ್ದ ಬಣ್ಣ ಗೋಡೆಗೆ ಬಂದಾಗ ಢಾಳಾಗಿ ಕಂಡಿತು. ಅಂಗಡಿಯವರು ತಪ್ಪು ಮಿಕ್ಸ್ ಮಾಡಿದರೇ?

ಸಾಮಾನ್ಯವಾಗಿ ಇಲ್ಲ. ಒಂದು ಗೋಡೆಯಿಂದ ಹೊರಟ ಬೆಳಕು ಎದುರು ಗೋಡೆಗೆ ಬಡಿದು, ಅಲ್ಲಿಂದ ಮತ್ತೆ ಇಲ್ಲಿಗೆ ಬರುತ್ತದೆ. ಪ್ರತಿ ಸಲ ಬಡಿದಾಗಲೂ ಅದಕ್ಕೆ ಗೋಡೆಯ ಬಣ್ಣ ಇನ್ನಷ್ಟು ಹತ್ತುತ್ತದೆ. ಹಾಗಾಗಿ ನಾಲ್ಕು ಗೋಡೆಗೆ ಹೊಡೆದ ಹಳದಿ, ಕಾರ್ಡಿನ ಎರಡಿಂಚು ಚೌಕದ ಹಳದಿಗಿಂತ ಯಾವಾಗಲೂ ಗಟ್ಟಿ. ಹಳದಿ, ಪೀಚ್, ಗುಲಾಬಿ, ಪಿಸ್ತಾ ಹಸಿರಿನಲ್ಲಿ ಇದು ಎದ್ದು ಕಾಣುತ್ತದೆ. ಕಾರ್ಡಿನಲ್ಲಿ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ, ಒಂದು ಮೆಟ್ಟಿಲು ಬೂದಿಮಿಶ್ರಿತ ಶೇಡ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಪೇಲವ ಅನಿಸಿದ್ದು ಮನೆಯಲ್ಲಿ ಸರಿಯಾಗಿರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಸಣ್ಣ ಸ್ಯಾಂಪಲ್ ಡಬ್ಬ ತಂದು ದಪ್ಪ ಬಿಳಿ ಡ್ರಾಯಿಂಗ್ ಹಾಳೆಗೆ, ಕನಿಷ್ಠ 2 ಅಡಿ ಉದ್ದಗಲಕ್ಕೆ, ಎರಡು ಕೋಟ್ ಹೊಡೆಯಿರಿ. ಸುತ್ತ ಎರಡು ಇಂಚು ಬಿಳಿ ಬಿಡಿ. ಹಳೇ ಗೋಡೆಯ ಮೇಲೇ ಹೊಡೆದರೆ ಪಕ್ಕದ ಹಳೇ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಹಾಳೆಯನ್ನು ಕಿಟಕಿಯಿರುವ ಗೋಡೆಗೆ ಒಮ್ಮೆ, ಕಿಟಕಿಯ ಎದುರು ಗೋಡೆಗೆ ಒಮ್ಮೆ ಅಂಟಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟಿನಲ್ಲಿ ನೋಡಿ. ಕಿಟಕಿ ಇರುವ ಗೋಡೆಯೇ ರೂಮಿನಲ್ಲಿ ಕತ್ತಲೆಯ ಗೋಡೆ, ಏಕೆಂದರೆ ಅದರ ಮೇಲೆ ನೇರ ಬೆಳಕು ಬೀಳುವುದೇ ಇಲ್ಲ. ಸೀಲಿಂಗಿಗೆ ಬೇಕಾದ ಬಣ್ಣವಾದರೆ ಹಾಳೆಯನ್ನು ಸೀಲಿಂಗಿಗೇ ಅಂಟಿಸಿ ನೋಡಿ.

ಕಿಟಕಿ ಯಾವ ದಿಕ್ಕಿಗಿದೆ ಎನ್ನುವುದು ಮುಖ್ಯವೇ?

ಮುಖ್ಯ, ಆದರೆ ಯುರೋಪಿನ ಪುಸ್ತಕಗಳಲ್ಲಿ ಹೇಳುವಷ್ಟು ಸರಳವಲ್ಲ. ‘ಉತ್ತರದ ರೂಮು ಸದಾ ತಣ್ಣಗಿನ ಬೆಳಕು, ಅಲ್ಲಿ ಬೆಚ್ಚನೆ ಬಣ್ಣ ಹಾಕಿ’ ಎನ್ನುವುದು ಅಲ್ಲಿನ ಮಾತು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರ ತನಕ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಅಂದರೆ ವರ್ಷದ ಸುಮಾರು ನಾಲ್ಕು ತಿಂಗಳು ನಮ್ಮ ಉತ್ತರದ ಕಿಟಕಿಗೂ ಬಿಸಿಲು ಸೋಕುತ್ತದೆ. ಪಡುವಣ ಕಿಟಕಿಯ ರೂಮೇ ನಮ್ಮಲ್ಲಿ ಕಷ್ಟದ್ದು. ಸಂಜೆ ನಾಲ್ಕರ ಕಿತ್ತಳೆ ಬಿಸಿಲಿಗೆ ಪೀಚ್ ಗೋಡೆ ಸೇರಿದರೆ ಕೂರಲಾಗದು. ಅಲ್ಲಿ ಬೂದಿ ಬೆರೆತ ಹಸಿರು, ತಿಳಿ ನೀಲಿ ಒಗ್ಗುತ್ತವೆ.

ದಿಕ್ಕಿಗಿಂತ ಪಕ್ಕದ ಮನೆಯೇ ಹೆಚ್ಚು ನಿರ್ಧರಿಸುತ್ತದೆ. 30×40 ಸೈಟುಗಳಲ್ಲಿ ಕಿಟಕಿಯಾಚೆ ನಾಲ್ಕೈದು ಅಡಿಗೇ ಪಕ್ಕದವರ ಗೋಡೆ ಇರುತ್ತದೆ, ನಿಮ್ಮ ರೂಮಿಗೆ ಬರುವುದು ಆ ಗೋಡೆಗೆ ಬಡಿದ ಬೆಳಕು. ಅವರು ಗಿಳಿಹಸಿರು ಹೊಡೆಸಿದ್ದರೆ ನಿಮ್ಮ ಬಿಳಿಯೂ ಸ್ವಲ್ಪ ಹಸಿರೇ.

ಹಗಲು ಒಂದು ಬಣ್ಣ, ರಾತ್ರಿ ಇನ್ನೊಂದು ಬಣ್ಣ ಕಾಣುತ್ತದೆ. ಏನು ಮಾಡುವುದು?

ಬಲ್ಬಿನ ಡಬ್ಬದ ಮೇಲೆ 3000ಕೆ, 4000ಕೆ, 6500ಕೆ ಎಂದು ಬೆಳಕಿನ ಛಾಯೆ ಬರೆದಿರುತ್ತದೆ: ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ನಮ್ಮ ಮನೆಗಳ ಎಲ್‌ಇಡಿ ಟ್ಯೂಬ್‌ಗಳು ಬಹುಪಾಲು 6500ಕೆ, ಅಂದರೆ ನೀಲಿಛಾಯೆಯ ಬಿಳಿ. ಅದರಡಿ ಬೂದಿ ಗೋಡೆ ಆಸ್ಪತ್ರೆಯ ಕಾರಿಡಾರಾಗುತ್ತದೆ, ಚರ್ಮದ ಬಣ್ಣವೂ ಬಿಳಿಚಿಕೊಳ್ಳುತ್ತದೆ. 3000ಕೆ ಹಳದಿ ಬೆಳಕಿನಲ್ಲಿ ತಿಳಿ ನೀಲಿ ಕೊಳೆಯಾಗಿ ಕಾಣುತ್ತದೆ, ಕೆನೆಬಣ್ಣ ಬೆಣ್ಣೆಯಾಗುತ್ತದೆ. ಹಾಲ್‌ಗೆ 4000ಕೆ ಹಾಕಿಕೊಂಡರೆ ಹಗಲು ರಾತ್ರಿಯ ವ್ಯತ್ಯಾಸ ಬಹಳ ತಗ್ಗುತ್ತದೆ. ಒಂದೇ ರೂಮಿನಲ್ಲಿ ಎರಡು ತರಹದ ಬಿಳಿ ಬೆಳಕು ಬೆರೆಸಬೇಡಿ, ಒಂದೇ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ. ಪೇಂಟ್ ಬದಲಿಸುವ ಮುಂಚೆ ಬಲ್ಬ್ ಬದಲಿಸಿ ನೋಡುವುದು ಅಗ್ಗ.

ಸೀಲಿಂಗ್ ಯಾವಾಗಲೂ ಬಿಳಿಯೇ ಇರಬೇಕೇ?

ಬೇಕಿಲ್ಲ. ಆದರೆ ಬಿಳಿ ಬಿಡುವ ಮುಂಚೆ ಒಂದು ವಿಷಯ ತಿಳಿದಿರಲಿ: ಸೀಲಿಂಗಿಗೆ ಕಿಟಕಿಯ ಬೆಳಕು ನೇರವಾಗಿ ಹೋಗುವುದು ಕಡಿಮೆ. ಅದಕ್ಕೆ ಸಿಗುವುದು ಹೆಚ್ಚಾಗಿ ನೆಲಕ್ಕೆ ಬಡಿದು ಮೇಲೆ ಹೋದ ಬೆಳಕು. ಹಾಗಾಗಿ ಒಂದೇ ಡಬ್ಬದ ಬಣ್ಣ ಗೋಡೆಯಲ್ಲಿ ಕಂಡದ್ದಕ್ಕಿಂತ ಸೀಲಿಂಗಿನಲ್ಲಿ ಒಂದು ಶೇಡ್ ಗಾಢವಾಗಿ ಕಾಣುತ್ತದೆ. ಗೋಡೆಯ ಬಣ್ಣವೇ ಮೇಲೂ ಬೇಕು ಎನ್ನುವವರು ಸೀಲಿಂಗಿಗೆ ಅದೇ ಕಾರ್ಡಿನ ಒಂದು ಮೆಟ್ಟಿಲು ತಿಳಿ ಶೇಡ್ ಹೊಡೆಸಿದರೆ ಎರಡೂ ಒಂದೇ ಅನಿಸುತ್ತವೆ.

ಬಿಳಿಯಲ್ಲದ ಸೀಲಿಂಗ್ ಮೂರು ಕಡೆ ನಿಜಕ್ಕೂ ಕೆಲಸ ಮಾಡುತ್ತದೆ. ಮೊದಲನೆಯದು, ಗೋಡೆ ಗಾಢವಾಗಿದ್ದಾಗ. ಕಡುನೀಲಿ ಗೋಡೆಯ ಮೇಲೆ ಅಚ್ಚಬಿಳಿ ಸೀಲಿಂಗ್ ಇಟ್ಟರೆ ಎರಡರ ನಡುವಿನ ಗೆರೆ ಚಾಕುವಿನಂತೆ ಕಾಣುತ್ತದೆ, ಗೋಡೆಯ ಮೇಲಂಚಿನ ಪ್ರತಿ ಸೊಟ್ಟವೂ ಬಯಲಾಗುತ್ತದೆ. ಬಿಳಿಗೆ ಗೋಡೆಯ ಬಣ್ಣ ಸ್ವಲ್ಪ ಬೆರೆಸಿದರೆ ಅದು ಮೆತ್ತಗಾಗುತ್ತದೆ: 1 ಲೀಟರ್ ಬಿಳಿಗೆ 50 ರಿಂದ 100 ಮಿಲಿ ಗೋಡೆಯ ಪೇಂಟ್. ಎರಡೂ ಒಂದೇ ಕಂಪನಿಯ ಒಂದೇ ದರ್ಜೆಯ ಎಮಲ್ಷನ್ ಆಗಿರಬೇಕು, ಸೀಲಿಂಗಿಗೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಡಬೇಕು. ಎರಡನೇ ಸಲ ಅದೇ ಶೇಡ್ ಬರುವುದಿಲ್ಲ. ಎರಡನೆಯದು, ಅಟ್ಟ, ಬೀಮ್, ಡಕ್ಟ್ ಎಂದು ಮೇಲ್ಭಾಗ ಗಜಿಬಿಜಿಯಾಗಿರುವ ರೂಮು. ಗೋಡೆಯ ಅರ್ಧದಿಂದ ಸೀಲಿಂಗಿನವರೆಗೆ ಎಲ್ಲಕ್ಕೂ ಒಂದೇ ಬಣ್ಣ ಕೊಟ್ಟರೆ ಆ ಗಜಿಬಿಜಿ ಮಾಯ. ಮೂರನೆಯದು, ಎತ್ತರ ವಿಪರೀತವಿರುವ ಹಳೇ ಮನೆ.

ಎಲ್ಲಿ ಬೇಡ? ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅವಿತ ಎಲ್‌ಇಡಿ ಪಟ್ಟಿಯಿದ್ದರೆ ರಾತ್ರಿ ಸೀಲಿಂಗೇ ದೀಪ. ಅದಕ್ಕೆ ಬಣ್ಣ ಹಾಕಿದರೆ ಬೆಳಕು ಅರ್ಧವಾಗುತ್ತದೆ, ಉಳಿದರ್ಧಕ್ಕೂ ಬಣ್ಣ ಹತ್ತುತ್ತದೆ. ಕಡುಬಣ್ಣದ ಸೀಲಿಂಗ್ ಆಸೆಯಿರುವವರಿಗೆ ಇನ್ನೂ ಒಂದು ಮಾತು: ಜೇಡರ ಬಲೆ ಬಿಳಿಯಲ್ಲಿ ವಾರವಾದರೂ ಗೊತ್ತಾಗದು, ಕಪ್ಪಿನಲ್ಲಿ ಮರುದಿನವೇ ಕಾಣುತ್ತದೆ.

ಸೀಲಿಂಗ್ ತಗ್ಗಾಗಿದೆ, ಒಂಬತ್ತಡಿಯೂ ಇಲ್ಲ. ಎತ್ತರ ಕಾಣಿಸಬಹುದೇ?

ಗೋಡೆಯ ಬಣ್ಣವನ್ನು ಸೀಲಿಂಗಿನ ಮೂಲೆಯವರೆಗೂ ಒಯ್ಯಿರಿ. ಹಲವು ಪೇಂಟರ್‌ಗಳು ಮೂಲೆಯಿಂದ ಎರಡು ಮೂರಿಂಚು ಕೆಳಗೆ ಬಿಳಿ ಪಟ್ಟಿ ಬಿಟ್ಟು ಗೆರೆ ಹಾಕುತ್ತಾರೆ. ಗೆರೆ ನೇರ ಬರಲಿ ಎಂದು ಅವರಿಗೆ ಅದು ಸುಲಭ, ನಿಮಗೆ ಆ ಮೂರಿಂಚು ನಷ್ಟ. ಪರದೆಯ ರಾಡ್ ಕಿಟಕಿಯ ನೆತ್ತಿಗಲ್ಲದೆ ಸೀಲಿಂಗಿಗೆ ಹತ್ತಿರ, ಪರದೆ ಗೋಡೆಯ ಬಣ್ಣಕ್ಕೆ ಹತ್ತಿರ. ಸೀಲಿಂಗ್ ಗೋಡೆಗಿಂತ ತಿಳಿ, ಕಡ್ಡಾಯವಾಗಿ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಬಿಳಿ ಸೀಲಿಂಗಿಗೆ ಬಿಳಿ ಫ್ಯಾನ್ ಹಾಕಿ, ಕಂದು ಫ್ಯಾನ್ ‘ಇಲ್ಲಿದೆ ನೋಡಿ ಮಾಳಿಗೆ’ ಎಂದು ಬೆರಳು ಮಾಡುತ್ತದೆ.

ಎತ್ತರ ಕಡಿಮೆ ಮಾಡಬೇಕಾದರೆ ಇದರ ತಿರುಗುಮುರುಗು: ಸೀಲಿಂಗಿನ ಬಣ್ಣವನ್ನು ಗೋಡೆಯ ಮೇಲೆ 12 ರಿಂದ 18 ಇಂಚು ಕೆಳಗಿಳಿಸಿ, ಅಲ್ಲಿಂದ ಗೋಡೆಯ ಬಣ್ಣ ಶುರು ಮಾಡಿ. 13, 14 ಅಡಿ ಎತ್ತರದ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಕೂರಿಸಿದ ಮಾಳಿಗೆ) ಮನೆಗಳಲ್ಲಿ ಇದು ಬಹಳ ಹಿತವಾಗಿ ಕೂರುತ್ತದೆ. ತೊಲೆಗಳ ಮರದ ಬಣ್ಣ ಹಾಗೇ ಇರಲಿ.

ಸೀಲಿಂಗಿನಿಂದ ಕೆಳಗಿಳಿದ ಬೀಮ್‌ಗೆ ಯಾವ ಬಣ್ಣ?

ಗೋಡೆಯ ನೆತ್ತಿಯಲ್ಲೇ ಕೂತು ಸ್ವಲ್ಪ ಮುಂದೆ ಚಾಚಿದ ಬೀಮ್ ಗೋಡೆಗೆ ಸೇರಿದ್ದು, ಅದರ ತಳವೂ ಸೇರಿ ಗೋಡೆಯ ಬಣ್ಣ. ರೂಮಿನ ನಡುವೆ ಹಾಯುವ ಬೀಮ್ ಸೀಲಿಂಗಿಗೆ ಸೇರಿದ್ದು, ಮೂರೂ ಮುಖಕ್ಕೆ ಸೀಲಿಂಗ್ ಬಣ್ಣ. ಬೀಮ್‌ಗೆ ಮೂರನೇ ಬಣ್ಣ ಕೊಡುವ ಐಡಿಯಾ ಯಾರಾದರೂ ಕೊಟ್ಟರೆ ನಯವಾಗಿ ತಳ್ಳಿಹಾಕಿ.

ಉದ್ದವಾದ ಕಿರಿದು ಹಾಲ್, ರೈಲ್ವೆ ಬೋಗಿ ತರಹ. ಬಣ್ಣದಿಂದ ಸರಿಮಾಡಬಹುದೇ?

ತುದಿಯ ಗಿಡ್ಡ ಗೋಡೆಗೆ ಗಾಢವಾದ, ಬೆಚ್ಚನೆಯ ಬಣ್ಣ ಕೊಡಿ: ಇಟ್ಟಿಗೆಕೆಂಪು, ಸಾಸಿವೆ. ಅದು ಹತ್ತಿರ ಬಂದಂತೆ ಕಾಣುತ್ತದೆ. ಉದ್ದದ ಎರಡು ಗೋಡೆಗಳು ತಿಳಿ ಇರಲಿ. ಉದ್ದದ ಗೋಡೆಗೇ ಗಾಢ ಬಣ್ಣ ಹೊಡೆದರೆ ಹಾಲ್ ಇನ್ನೂ ಕಿರಿದಾಗುತ್ತದೆ. ಟಿವಿ ಇರುವ ಗೋಡೆ ಅದೇ ಎಂದು ಬಹಳ ಜನ ಈ ತಪ್ಪನ್ನೇ ಮಾಡುತ್ತಾರೆ.

ಒಂದೇ ಗೋಡೆಗೆ ಗಾಢ ಬಣ್ಣ ಎಂದರೆ ಯಾವ ಗೋಡೆ ಆರಿಸುವುದು?

ಬಾಗಿಲಲ್ಲಿ ನಿಂತಾಗ ಕಣ್ಣು ಮೊದಲು ಹೋಗುವ, ಬಾಗಿಲು ಕಿಟಕಿ ಇಲ್ಲದ, ಮೂಲೆಯಿಂದ ಮೂಲೆಗೆ ಪೂರ್ಣವಾದ ಗೋಡೆ. ಮಲಗುವ ಕೋಣೆಯಲ್ಲಿ ಮಂಚದ ತಲೆಯ ಹಿಂದಿನದು. ಕಿಟಕಿಯಿರುವ ಗೋಡೆ ಬೇಡ: ಗಾಢ ಬಣ್ಣದ ನಡುವೆ ಹಗಲಿನ ಕಿಟಕಿ ಕಣ್ಣಿಗೆ ಕುಕ್ಕುತ್ತದೆ. ಬಣ್ಣ ನಿಲ್ಲುವುದು ಒಳಮೂಲೆಯಲ್ಲೇ ಆಗಬೇಕು, ಹೊರಮೂಲೆಯಲ್ಲಿ ನಿಲ್ಲಿಸಿದರೆ ಕಾಗದ ಅಂಟಿಸಿದಂತೆ ಕಾಣುತ್ತದೆ. ಉಳಿದ ಮೂರು ಗೋಡೆಗೆ ಅಚ್ಚಬಿಳಿಗಿಂತ ಅದೇ ಬಣ್ಣದ ತೀರಾ ತಿಳಿ ಶೇಡ್ ಚೆನ್ನ.

ಕೆಳಗೆ ಗಾಢ, ಮೇಲೆ ತಿಳಿ. ಗೆರೆ ಎಷ್ಟು ಎತ್ತರಕ್ಕೆ?

ಹಳೇ ಶಾಲೆ, ಆಸ್ಪತ್ರೆಗಳ ಡ್ಯಾಡೋ ಇದೇ. ಮಕ್ಕಳ ಕೈ, ಕುರ್ಚಿಯ ಬೆನ್ನು, ತಲೆಗೆ ಹಚ್ಚಿದ ಎಣ್ಣೆ ಎಲ್ಲ ಇದರಲ್ಲಿ ಅಡಗುತ್ತದೆ. ಎತ್ತರವನ್ನು ನಿರ್ಧರಿಸಬೇಕಾದ್ದು ಸ್ವಿಚ್‌ಬೋರ್ಡ್. ನಮ್ಮಲ್ಲಿ ಅದು ನೆಲದಿಂದ 4 ರಿಂದ 4.5 ಅಡಿಗೆ ಇರುತ್ತದೆ. ಗೆರೆ ಅದರ ನಡುವೆ ಹಾದರೆ ಇಡೀ ಗೋಡೆ ಕೆಟ್ಟಿತು. 3 ರಿಂದ 3.5 ಅಡಿಗೆ ನಿಲ್ಲಿಸಿ, ಇಲ್ಲವೇ ಧೈರ್ಯ ಮಾಡಿ 5.5 ಅಡಿ ದಾಟಿಸಿ. ಸರಿಯಾಗಿ ಅರ್ಧಕ್ಕೆ ಮಾತ್ರ ಬೇಡ. ಗೆರೆ ಎಳೆಯಲು ನೆಲದಿಂದ ಟೇಪ್ ಹಿಡಿದು ಅಳೆಯಬೇಡಿ, ನೆಲ ಬಾತ್‌ರೂಮಿನ ಕಡೆಗೋ ಬಾಲ್ಕನಿ ಕಡೆಗೋ ಇಳಿಜಾರಿರಬಹುದು. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಎರಡು ತುದಿ ಗುರುತು ಮಾಡಿ, ದಾರ ಹಿಡಿದು ಹೊಡೆಯಿರಿ.

ನೆಲ ರೆಡ್ ಆಕ್ಸೈಡ್. ಗೋಡೆಗೆ ಯಾವುದು ಹೊಂದುತ್ತದೆ?

ಕೆಂಪು ನೆಲ ಹಗಲೆಲ್ಲ ಗುಲಾಬಿ ಬೆಳಕನ್ನು ಮೇಲಕ್ಕೆಸೆಯುತ್ತಿರುತ್ತದೆ. ಅದರ ಮೇಲೆ ಕೆನೆಬಣ್ಣದ ಗೋಡೆ ಪೀಚ್ ಆಗುತ್ತದೆ, ಬಿಳಿ ಸೀಲಿಂಗ್ ತಿಳಿ ಗುಲಾಬಿಯಾಗುತ್ತದೆ. ತುಸು ಹಸಿರು ಅಥವಾ ಬೂದಿ ಬೆರೆತ ಬಿಳಿ ಹಾಕಿದರೆ ಆ ಕೆಂಪು ಕತ್ತರಿಸಿಕೊಂಡು ಶುದ್ಧ ಬಿಳಿಯಾಗಿ ಕಾಣುತ್ತದೆ. ಹಿಂದಿನವರು ಸುಣ್ಣಕ್ಕೆ ಚೂರು ನೀಲಿ ಹಾಕುತ್ತಿದ್ದುದೂ ಹಳದಿಯನ್ನು ಹೀಗೆ ಕತ್ತರಿಸಲಿಕ್ಕೇ. ಬೂದಿ ಶಹಾಬಾದ್ ಕಲ್ಲಿನ ನೆಲಕ್ಕೆ ಇದರ ಉಲ್ಟಾ: ಅಲ್ಲಿ ಗೋಡೆ ಬೆಚ್ಚಗಿರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಮನೆ ಗವಿಯಾಗುತ್ತದೆ.

ಮ್ಯಾಟ್ ಒಳ್ಳೆಯದೋ, ಶೀನ್ ಒಳ್ಳೆಯದೋ?

ಸೀಲಿಂಗಿಗೆ ಮ್ಯಾಟ್, ಚರ್ಚೆಯಿಲ್ಲ. ಹೊಳಪಿರುವ ಪೇಂಟ್ ಓರೆಯಾಗಿ ಬೀಳುವ ಬೆಳಕಿನಲ್ಲಿ ಪುಟ್ಟಿಯ ಪ್ರತಿ ಪಟ್ಟಿ ಗುರುತನ್ನೂ, ಫಾಲ್ಸ್ ಸೀಲಿಂಗಿನ ಪ್ರತಿ ಜೋಡಣೆಯನ್ನೂ ಎತ್ತಿ ತೋರಿಸುತ್ತದೆ. ಗೋಡೆಯಲ್ಲಿ ತಿಳಿ ಶೀನ್ ಆದರೆ ಒರೆಸಬಹುದು, ಮ್ಯಾಟ್ ಆದರೆ ಗೋಡೆಯ ಉಬ್ಬುತಗ್ಗು ಮುಚ್ಚುತ್ತದೆ. ಟ್ಯೂಬ್‌ಲೈಟ್ ಅಂಟಿಕೊಂಡಿರುವ ಗೋಡೆಗೆ ಶೀನ್ ಬೇಡವೇ ಬೇಡ. ಗಾಢ ಮ್ಯಾಟ್ ಗೋಡೆಯನ್ನು ಉಗುರಿನಲ್ಲಿ ಗೀಚಿದರೂ ಬಿಳಿ ಗೆರೆ ಬೀಳುತ್ತದೆ ಎನ್ನುವುದು ನೆನಪಿರಲಿ. ಓಡಾಟದ ಜಾಗಕ್ಕೆ ಅದು ತಕ್ಕದ್ದಲ್ಲ.

ಅಡುಗೆಮನೆಯ ಸೀಲಿಂಗ್ ಮಾತ್ರ ಅಪವಾದ. ಒಗ್ಗರಣೆಯ ಎಣ್ಣೆಹೊಗೆ ಮ್ಯಾಟ್‌ಗೆ ಹತ್ತಿದರೆ ಹೋಗುವುದಿಲ್ಲ, ತಿಳಿ ಶೀನ್ ಹಾಕಿ. ದೇವರ ಕೋಣೆಯಲ್ಲಿ ದೀಪದ ಮೇಲೆ ಕಟ್ಟುವ ಮಸಿಗೆ ಒದ್ದೆ ಬಟ್ಟೆ ಹಾಕಬೇಡಿ, ಹರಡುತ್ತದೆ. ಒಣ ಬ್ರಷ್‌ನಲ್ಲಿ ಮೊದಲು ಕೊಡವಿ, ಆಮೇಲೆ ಸೋಪುನೀರು. ಉಳಿದ ಕಲೆಯ ಮೇಲೆ ನೇರ ಎಮಲ್ಷನ್ ಹೊಡೆದರೆ ಅದು ಮತ್ತೆ ಮೇಲೆ ಬರುತ್ತದೆ. ಆ ಜಾಗಕ್ಕೆ ಟರ್ಪೆಂಟೈನ್‌ನಲ್ಲಿ ತೆಳುವಾಗುವ ಪ್ರೈಮರ್ ಒಂದು ಕೈ ಬೇಕು.

10×12 ರೂಮಿಗೆ ಎಷ್ಟು ಪೇಂಟ್ ಬೇಕು?

ಎತ್ತರ 10 ಅಡಿ ಎಂದುಕೊಳ್ಳಿ. ನಾಲ್ಕು ಗೋಡೆ: (10+12)×2×10 = 440 ಚದರ ಅಡಿ. 3×7ರ ಬಾಗಿಲು 21, 4×4ರ ಕಿಟಕಿ 16 ಕಳೆದರೆ 403. ಸೀಲಿಂಗ್ 120. ಒಟ್ಟು 523.

ಪುಟ್ಟಿ ಹಾಕಿ ನಯ ಮಾಡಿದ ಗೋಡೆಗೆ ಒಳ್ಳೆಯ ದರ್ಜೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಸುಮಾರು 120 ಚದರ ಅಡಿ ಬರುತ್ತದೆ. ಗೋಡೆಗೆ ಮೂರೂವರೆ ಲೀಟರ್, ಅಂದರೆ 4 ಲೀಟರಿನ ಡಬ್ಬ ಒಂದು. ಸೀಲಿಂಗಿಗೆ 1 ಲೀಟರ್ ಸರಿಯಾಗಿ ಮುಗಿಯುತ್ತದೆ. ಅಗ್ಗದ ದರ್ಜೆಯಾದರೆ ಇನ್ನೂ ಕಾಲುಭಾಗ ಸೇರಿಸಿ. ಪ್ರೈಮರ್ ಒಂದು ಕೋಟ್‌ಗೆ 4 ರಿಂದ 5 ಲೀಟರ್. ಹೊಸ ಗಾರೆಗೆ ಎರಡು ಕೋಟ್ ಪುಟ್ಟಿ ಕಿಲೋಗೆ 10 ರಿಂದ 15 ಚದರ ಅಡಿ, ಅಂದರೆ 40 ಕಿಲೋ ಚೀಲ ಒಂದು, ಜೊತೆಗೆ ಐದೋ ಹತ್ತೋ ಕಿಲೋ ಕೈಯಲ್ಲಿರಲಿ. ಹಳೇ ಗೋಡೆ ಚೆನ್ನಾಗಿದ್ದರೆ ಪೂರ್ತಿ ಪುಟ್ಟಿ ಬೇಕಿಲ್ಲ, ತೂತು ಬಿರುಕು ಮುಚ್ಚಿದರೆ ಸಾಕು.

ಕೂಲಿಯನ್ನು ಚದರ ಅಡಿಗೆ ಮಾತಾಡುವಾಗ ಬಾಗಿಲು ಕಿಟಕಿ ಕಳೆಯುತ್ತಾರೋ ಇಲ್ಲವೋ ಮೊದಲೇ ಕೇಳಿ. ಬಹಳ ಕಡೆ ಕಳೆಯುವುದಿಲ್ಲ, ಕಿಟಕಿಯ ಪಕ್ಕಗಳ ಕೆಲಸಕ್ಕೆ ಅದು ವಜಾ ಎಂದು ಲೆಕ್ಕ.

ಕೆಲಸದ ಕ್ರಮ ಹೇಗಿರಬೇಕು?

ಮೊದಲು ತೇವದ ಮೂಲ ಸರಿಪಡಿಸುವುದು, ಆಮೇಲೆ ಉಳಿದದ್ದು. ಎದ್ದ ಪದರ ಕೆರೆದು ತೆಗೆಯಿರಿ. ಬಿಳಿ ಸಿಮೆಂಟಿನ ಪುಟ್ಟಿಯಾದರೆ ಗೋಡೆಗೆ ನೀರು ಚಿಮುಕಿಸಿ ನೇರ ಹಾಕಬಹುದು. ಡಬ್ಬದಲ್ಲಿ ಬರುವ ಅಕ್ರಿಲಿಕ್ ಪುಟ್ಟಿಗೆ ಕೆಳಗೂ ಮೇಲೂ ಪ್ರೈಮರ್ ಬೇಕು. ಎರಡು ತೆಳು ಕೋಟ್, ಒಂದು ದಪ್ಪ ಕೋಟ್ ಅಲ್ಲ. ದಪ್ಪ ಹಾಕಿದ್ದು ಬಿರಿಯುತ್ತದೆ. ಒಣಗಿದ ಮೇಲೆ 180 ನಂಬರಿನ ಎಮರಿ ಪೇಪರ್, ಕೊನೆಗೆ 320. ಉಜ್ಜುವಾಗ ಗೋಡೆಯ ಪಕ್ಕದಲ್ಲಿ ಬಲ್ಬ್ ಓರೆಯಾಗಿ ಹಿಡಿದರೆ ಉಬ್ಬುತಗ್ಗು ಆಗಲೇ ಸಿಗುತ್ತದೆ. ಧೂಳು ಪೂರ್ತಿ ಒರೆಸಿ ಪ್ರೈಮರ್ ಹಾಕಿ. ಈ ಧೂಳಿನ ಮೇಲೇ ಪ್ರೈಮರ್ ಹೊಡೆಯುವುದರಿಂದಲೇ ಮುಂದೆ ಟೇಪ್ ಕಿತ್ತಾಗ ಪೇಂಟ್ ಸಿಪ್ಪೆಯಾಗಿ ಬರುವುದು.

ಸೀಲಿಂಗ್ ಎರಡು ಕೋಟ್ ಮುಗಿಸಿ, ನಂತರ ಗೋಡೆಯ ಮೊದಲ ಕೋಟ್. ಅದು ಒಣಗಿದಾಗ ಕಂಡ ಸಣ್ಣ ಗುಳಿಗಳಿಗೆ ಪುಟ್ಟಿ ಮುಟ್ಟಿಸಿ, ಆ ಜಾಗಕ್ಕೆ ಪ್ರೈಮರ್ ತಾಗಿಸಿ, ಎರಡನೇ ಕೋಟ್. ಕೋಟ್‌ಗಳ ನಡುವೆ ಕನಿಷ್ಠ 4 ಗಂಟೆ, ಜಡಿಮಳೆಯಲ್ಲಿ ಅದರ ಎರಡು ಪಟ್ಟು. ಬಾಗಿಲು ಕಿಟಕಿಯ ಎನಾಮೆಲ್ ಕೊನೆಗೆ. ಡಬ್ಬ ಹಲವಿದ್ದರೆ ಒಂದೇ ಬಕೆಟ್ಟಿಗೆ ಸುರಿದು ಕಲಸಿ, ಒಂದೇ ಶೇಡ್ ನಂಬರಿನ ಡಬ್ಬಗಳಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ.

ಕೆಂಪು, ಹಳದಿ ಎಷ್ಟು ಕೋಟ್ ಹೊಡೆದರೂ ಕೆಳಗಿನದು ಮುಚ್ಚುತ್ತಿಲ್ಲ. ಯಾಕೆ?

ತಿಳಿ ಬಣ್ಣದ ಪೇಂಟಿನಲ್ಲಿ ಮುಚ್ಚುವ ಶಕ್ತಿಯೆಲ್ಲ ಟೈಟಾನಿಯಂ ಡಯಾಕ್ಸೈಡ್ ಎನ್ನುವ ಬಿಳಿ ಪುಡಿಯದ್ದು. ಗಾಢ ಶೇಡಿಗೆ ಬಳಸುವ ಬೇಸ್‌ನಲ್ಲಿ (ಅಂಗಡಿಯಲ್ಲಿ ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟ್) ಅದು ಇರುವುದಿಲ್ಲ ಅಥವಾ ತೀರಾ ಕಡಿಮೆ. ಮೇಲಾಗಿ ಉಜ್ವಲ ಕೆಂಪು, ಹಳದಿ ಬಣ್ಣದ ಪುಡಿಗಳು ಸ್ವಭಾವತಃ ಅರೆಪಾರದರ್ಶಕ. ಬಿಳಿ ಪ್ರೈಮರ್ ಮೇಲೆ ಐದು ಕೋಟ್ ಹೊಡೆಯುವ ಬದಲು ಪ್ರೈಮರಿಗೇ ಬಣ್ಣ ಸೇರಿಸಿ: ಕೆಂಪಿನ ಕೆಳಗೆ ನಡುಬೂದಿ, ಹಳದಿಯ ಕೆಳಗೆ ಅದೇ ಹಳದಿಯ ತಿಳಿ ಶೇಡ್. ಮೇಲೆ ಎರಡು, ಹೆಚ್ಚೆಂದರೆ ಮೂರು ಕೋಟಿನಲ್ಲಿ ಮುಗಿಯುತ್ತದೆ.

ಇನ್ನೊಂದು ಕಾರಣ ನೀರು. ಎಷ್ಟು ನೀರು ಬೆರೆಸಬೇಕೆಂದು ಡಬ್ಬದ ಮೇಲೇ ಇರುತ್ತದೆ, ದರ್ಜೆಯಿಂದ ದರ್ಜೆಗೆ ಬೇರೆ. ಅಳತೆ ಮಗ್ ಇಲ್ಲದೆ ಅಂದಾಜಿಗೆ ಸುರಿಯುವುದನ್ನು ಕಂಡರೆ ಅಲ್ಲೇ ತಡೆಯಿರಿ.

ಗೋಡೆಯ ತುಂಬ ರೋಲರ್ ಪಟ್ಟಿ, ಅಂಚಿನಲ್ಲಿ ಗಾಢ ಚೌಕಟ್ಟು. ಪೇಂಟ್ ಕೆಟ್ಟದ್ದೇ?

ಪೇಂಟಿನ ತಪ್ಪಲ್ಲ, ಹೊಡೆದ ರೀತಿಯದ್ದು. ಮೊದಲು ಹೊಡೆದ ಪಟ್ಟಿ ಒಣಗಿದ ಮೇಲೆ ಅದರಂಚಿಗೆ ಮತ್ತೆ ರೋಲರ್ ತಾಗಿದರೆ ಅಲ್ಲಿ ಎರಡು ಪದರ ಕೂರುತ್ತದೆ. ಮೂಲೆಗಳನ್ನೆಲ್ಲ ಬೆಳಿಗ್ಗೆ ಬ್ರಷ್‌ನಲ್ಲಿ ಹೊಡೆದಿಟ್ಟು ಮಧ್ಯಾಹ್ನ ರೋಲರ್ ಹಿಡಿದರೆ ಚೌಕಟ್ಟು ಖಂಡಿತ. ಒಂದೊಂದೇ ಗೋಡೆ ತೆಗೆದುಕೊಳ್ಳಿ. ಅಂಚು ಹಸಿ ಇರುವಾಗಲೇ ರೋಲರ್ ಹೋಗಲಿ, ನಡುವೆ ಚಹಾಕ್ಕೆ ಏಳುವುದು ಗೋಡೆ ಮುಗಿದ ಮೇಲೆ. ಆ ಹೊತ್ತು ಫ್ಯಾನ್ ಆರಿಸಿ. ಸರಿಪಡಿಸಲು ಪಟ್ಟಿಗಷ್ಟೇ ಪೇಂಟ್ ಮುಟ್ಟಿಸಿದರೆ ಇನ್ನೂ ಹಾಳು. ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಒಂದು ಕೋಟ್ ಹೊಡೆಯಬೇಕು.

ಎರಡು ಬಣ್ಣ ಸೇರುವ ಗೆರೆ ಚೂಪಾಗಿ ಬರಲು?

ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಟೇಪಿನಡಿ ಇರುವ ಹಳೇ ಬಣ್ಣವನ್ನೇ ಒಂದು ಕೈ ಹೊಡೆಯಿರಿ. ಟೇಪಿನಡಿ ನುಗ್ಗುವುದೇನಿದ್ದರೂ ಅದೇ ಬಣ್ಣ ನುಗ್ಗಿ ಸಂದು ಮುಚ್ಚುತ್ತದೆ. ಒಣಗಿದ ಮೇಲೆ ಹೊಸ ಬಣ್ಣ. ಕೊನೆಯ ಕೋಟ್ ಇನ್ನೂ ಹಸಿಹಸಿ ಇರುವಾಗಲೇ ಟೇಪನ್ನು ಓರೆಯಾಗಿ ನಿಧಾನ ಎಳೆಯಿರಿ. ರಾತ್ರಿಯಿಡೀ ಬಿಟ್ಟರೆ ಪುಟ್ಟಿ ಸಮೇತ ಬರುತ್ತದೆ.

ಹೊಸ ಮನೆ, ಗೃಹಪ್ರವೇಶ ಮುಂದಿನ ತಿಂಗಳು. ಈಗಲೇ ಬಣ್ಣ ಹೊಡೆಸಬಹುದೇ?

ಗಾರೆ ಮುಗಿದು ಕನಿಷ್ಠ 28 ದಿನ ಆಗಿರಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ, ಗಾಢ ಗೋಡೆಯಲ್ಲಿ ಬಿಳಿಚಿದ ಮಚ್ಚೆಗಳು ಏಳುತ್ತವೆ, ಒಳಗಿನ ಉಪ್ಪು ಹೊರಬಂದು ಪದರ ಎಬ್ಬಿಸುತ್ತದೆ. ಮುಹೂರ್ತ ಕಾಯುವುದಿಲ್ಲ ಎಂದರೆ ಪ್ರೈಮರ್ ಮತ್ತು ಒಂದು ಕೋಟ್ ಬಿಳಿಗೆ ನಿಲ್ಲಿಸಿ, ಬಣ್ಣದ ಕೋಟ್ ಒಂದು ಬೇಸಿಗೆ ಕಳೆದ ಮೇಲೆ. ತೇವ ಪರೀಕ್ಷೆಗೆ 2 ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ಒಳಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಸಿದ್ಧವಿಲ್ಲ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಹಿಡಿಯದಿರುವುದೇ ಲೇಸು.

ಅಜ್ಜನ ಕಾಲದ ಮನೆ, ಗೋಡೆಗೆ ಪದರ ಪದರ ಸುಣ್ಣ. ಮೇಲೆ ಎಮಲ್ಷನ್ ಹೊಡೆಯಬಹುದೇ?

ನೇರ ಹೊಡೆದರೆ ಒಂದೆರಡು ವರ್ಷದಲ್ಲಿ ಹಪ್ಪಳದಂತೆ ಏಳುತ್ತದೆ. ಕೈ ಸವರಿದರೆ ಪುಡಿ ಹತ್ತುವ ಸುಣ್ಣವನ್ನೆಲ್ಲ ಕೆರೆದು ತೆಗೆದು ಪ್ರೈಮರ್ ಹಾಕಬೇಕು. ಗೋಡೆ ಮಣ್ಣಿನದೋ ಸುಣ್ಣದ ಗಾರೆಯದೋ ಆಗಿದ್ದರೆ ಎಮಲ್ಷನ್ ಯೋಚನೆಯನ್ನೇ ಬಿಡಿ. ಅಂಥ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತಿರುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂರಿಸಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಸುಣ್ಣಕ್ಕೇ ಕಾವಿಮಣ್ಣು, ಹಳದಿ ಓಕರ್‌ನಂಥ ಮಣ್ಣಿನ ಬಣ್ಣ ಬೆರೆಸಿ ತೆಳುವಾಗಿ ಮೂರು ಕೋಟ್ ಬಳಿಯಿರಿ. ಹಸಿಯಲ್ಲಿ ಕಂಡದ್ದಕ್ಕಿಂತ ಒಣಗಿದಾಗ ಬಹಳ ತಿಳಿಯಾಗುತ್ತದೆ, ಮೂಲೆಯಲ್ಲೊಂದು ಕಡೆ ಬಳಿದು ಒಣಗಿಸಿ ನೋಡಿ.

ಹಳೇ ಬಾಗಿಲು ಕಿಟಕಿಗಳ ಎನಾಮೆಲ್ ಬಗ್ಗೆ ಎಚ್ಚರ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರವನ್ನು ಒಣದಾಗಿ ಉಜ್ಜಬೇಡಿ, ನೀರು ತಾಗಿಸಿ ಉಜ್ಜಿ. ಮಾಸ್ಕ್ ಇರಲಿ, ಮಕ್ಕಳೂ ಬಸುರಿಯರೂ ಆ ಹೊತ್ತು ಮನೆಯಲ್ಲಿ ಬೇಡ.

ಬಾಡಿಗೆ ಮನೆಯಲ್ಲಿ ಏನು ಮಾಡಬಹುದು?

ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ. ಹೇಗೂ ಕೊಡುವ ದುಡ್ಡು, ಒಂದು ಗೋಡೆಗೆ ಬಣ್ಣ ಹಾಕುತ್ತೇವೆಂದು ಮಾಲೀಕರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಶೇಡ್ ನಡುವಣದ್ದಾಗಿರಲಿ: ಕಡುಬಣ್ಣ ಮುಚ್ಚಲು ಪ್ರೈಮರ್ ಸೇರಿ ಮೂರು ನಾಲ್ಕು ಕೋಟ್ ಬೇಕಾಗಿ ಜಗಳಕ್ಕೆ ಬರುತ್ತದೆ.

ವಾಸ್ತು ಪ್ರಕಾರ ಆಗ್ನೇಯಕ್ಕೆ ಕೆಂಪು ಅಂತಾರೆ. ಹಾಕಲೇಬೇಕೇ?

ನಂಬುವವರು ಹಾಕಿಕೊಳ್ಳಬಹುದು, ಆದರೆ ಕೆಂಪು ಎಂದರೆ ಕುಂಕುಮಗೆಂಪೇ ಆಗಬೇಕಿಲ್ಲ. ಇಟ್ಟಿಗೆ, ತಿಳಿ ಗೇರುಕೆಂಪು, ಮಣ್ಣಿನ ಗುಲಾಬಿ ಎಲ್ಲ ಅದೇ ಕುಟುಂಬ. ಹಿರಿಯರ ಮಾತೂ ನಡೆಯುತ್ತದೆ, ಅಡುಗೆಮನೆಯೂ ಬೆಳಗುತ್ತದೆ.

ಉಳಿದ ಪೇಂಟ್ ಇಟ್ಟುಕೊಳ್ಳುವುದು ಹೇಗೆ?

ಅರ್ಧ ಲೀಟರಿನಷ್ಟು, ನೀರು ಬೆರೆಸದ್ದನ್ನು, ತುಂಬಿ ತುಳುಕುವಂಥ ಚಿಕ್ಕ ಡಬ್ಬಕ್ಕೆ ಹಾಕಿ; ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಕೆನೆ ಕಟ್ಟುವುದು ಕಡಿಮೆ. ಮುಚ್ಚಳದ ಮೇಲೆ ಕಂಪನಿ, ದರ್ಜೆ, ಶೇಡ್ ನಂಬರ್, ಬೇಸ್, ಯಾವ ರೂಮು, ಯಾವ ತಿಂಗಳು ಎಲ್ಲ ಬರೆದಿಡಿ. ನೀರು ಬೆರೆಸಿದ ಪೇಂಟ್ ಇಡಬೇಡಿ, ಕೆಲವೇ ವಾರದಲ್ಲಿ ಕೊಳೆತು ನಾರುತ್ತದೆ. ಮೊಳೆ ಕಿತ್ತ ತೂತಿಗೆ ಮುಟ್ಟಿಸುವಾಗ ಬ್ರಷ್ ಬೇಡ, ಮೂಲ ಗೋಡೆ ರೋಲರಿನದ್ದಾದರೆ ಸಣ್ಣ ರೋಲರ್ ಅಥವಾ ಸ್ಪಂಜಿನ ತುಂಡಿನಲ್ಲಿ ಒತ್ತಿ. ಎರಡು ವರ್ಷ ಬಿಸಿಲು ಹೊಗೆ ಕಂಡ ಗೋಡೆಗೆ ಅದೇ ಡಬ್ಬದ ಪೇಂಟ್ ಕೂಡ ಹೊಂದದೆ ಹೋಗಬಹುದು. ಆಗ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಡೆದರೆ ಪಕ್ಕದ ಗೋಡೆಯೊಂದಿಗಿನ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಎರಡರ ಮೇಲೂ ಬೀಳುವ ಬೆಳಕು ಹೇಗೂ ಬೇರೆ.